ಕ್ಲೈಂಟ್, ಸರ್ವರ್ ಎರಡೂ ಸುಮ್ಮನಾದಾಗ: ಪರ್ಲ್ ಸಾಕೆಟ್ ದೋಷ ಹುಡುಕುವ ಬಗೆ

ಕನೆಕ್ಷನ್ ಆಗಿದೆ. ಎರರ್ ಏನೂ ಇಲ್ಲ. ಸರ್ವರ್ ಓಡುತ್ತಿದೆ, ಕ್ಲೈಂಟೂ ಓಡುತ್ತಿದೆ. ಆದರೆ ಕ್ಲೈಂಟ್ ಕಳಿಸಿದ್ದಕ್ಕೆ ಉತ್ತರವೇ ಇಲ್ಲ. ಸಿಪಿಯು ಬಳಕೆ ನೋಡಿದರೆ ಸೊನ್ನೆ. ಬೇಸತ್ತು ಕಂಟ್ರೋಲ್-ಸಿ ಒತ್ತಿ ಕ್ಲೈಂಟನ್ನು ನಿಲ್ಲಿಸುತ್ತೀರಿ. ಆ ಕ್ಷಣಕ್ಕೇ ಸರ್ವರ್ ಪರದೆಯಲ್ಲಿ ಅಲ್ಲಿಯವರೆಗೆ ಕಾಣದಿದ್ದ ಸಾಲು ಥಟ್ಟನೆ ಮೂಡುತ್ತದೆ. ಪರ್ಲ್ ಭಾಷೆಯಲ್ಲಿ ಸಾಕೆಟ್ (ಎರಡು ಪ್ರೋಗ್ರಾಮ್‌ಗಳು ನೆಟ್‌ವರ್ಕ್ ಮೂಲಕ ಮಾತಾಡುವ ಕೊಂಡಿ) ಬರೆದವರು ಇದನ್ನು ಒಮ್ಮೆಯಾದರೂ ನೋಡಿರುತ್ತಾರೆ, ಅಲ್ವಾ?

ಡೇಟಾ ಒಂದೇ ದಿಕ್ಕಿಗೆ ಹರಿಯುವಾಗ ಈ ತೊಂದರೆ ಕಡಿಮೆ. ಎರಡೂ ಕಡೆ ಮಾತು ನಡೆಯಬೇಕು ಅಂದ ಕೂಡಲೇ ಸರದಿಯ ಲೆಕ್ಕ ಬರುತ್ತದೆ. ಈಗ ಬರೆಯುವವರು ಯಾರು, ಓದುವವರು ಯಾರು, ಒಂದು ಮಾತು ಎಲ್ಲಿಗೆ ಮುಗಿಯಿತು? ಈ ಲೆಕ್ಕ ಎರಡು ಪ್ರೋಗ್ರಾಮ್‌ಗಳಲ್ಲಿ ಬೇರೆ ಬೇರೆ ಆಗಿದ್ದರೆ ಇಬ್ಬರೂ ಓದಲು ಕೂತುಬಿಡುತ್ತಾರೆ. ಹಾಗಾಗಿ ಕೋಡಿಗೆ ಕೈ ಹಾಕುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿ: ಯಾರು, ಯಾವುದಕ್ಕಾಗಿ, ಎಲ್ಲಿ ಕಾಯುತ್ತಿದ್ದಾರೆ? ಇದು ಗೊತ್ತಾದರೆ ರಿಪೇರಿ ಬಹುತೇಕ ಒಂದು ಸಾಲಿನದು. ಗೊತ್ತಿಲ್ಲದೆ ಅಲ್ಲಲ್ಲಿ ಸ್ಲೀಪ್ ಸೇರಿಸುತ್ತಾ ಹೋದರೆ ದೋಷ ಅಡಗುತ್ತದೆ, ಹೋಗುವುದಿಲ್ಲ.

ಬೈಟ್‌ಗಳು ಎಲ್ಲಿ ನಿಂತಿವೆ?

ಲಿನಕ್ಸ್‌ನಲ್ಲಿ ಕನೆಕ್ಷನ್‌ಗಳ ಪಟ್ಟಿ ಕೊಡುವ ಎಸ್‌ಎಸ್ ಕಮಾಂಡನ್ನು ಟಿ, ಎನ್, ಪಿ ಆಯ್ಕೆಗಳ ಜೊತೆ (ss -tnp) ಓಡಿಸಿ. ಪ್ರತಿ ಕನೆಕ್ಷನ್‌ಗೂ ರಿಸೀವ್ ಕ್ಯೂ, ಸೆಂಡ್ ಕ್ಯೂ ಎಂಬ ಎರಡು ಸಂಖ್ಯೆಗಳು ಕಾಣುತ್ತವೆ. ಜನ ಇವನ್ನು ದಾಟಿಕೊಂಡು ಮುಂದೆ ಹೋಗಿಬಿಡುತ್ತಾರೆ. ನನ್ನ ಪ್ರಕಾರ ಸಾಕೆಟ್ ದೋಷಕ್ಕೆ ಇವಕ್ಕಿಂತ ಒಳ್ಳೆಯ ಸುಳಿವು ಬೇರೆ ಇಲ್ಲ.

ಸರ್ವರ್ ಕಡೆಯ ರಿಸೀವ್ ಕ್ಯೂನಲ್ಲಿ ಸಂಖ್ಯೆ ಇದ್ದು ಕೆಳಗಿಳಿಯುತ್ತಿಲ್ಲ ಅಂದರೆ, ಬೈಟ್‌ಗಳು ಆ ಯಂತ್ರದ ಕರ್ನಲ್‌ವರೆಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನವರೆಗೆ) ಬಂದಿವೆ, ನಿಮ್ಮ ಪ್ರೋಗ್ರಾಮ್ ಅವನ್ನು ಎತ್ತಿಕೊಂಡಿಲ್ಲ. ಅದು ಬೇರೆ ಎಲ್ಲೋ ಸಿಕ್ಕಿಕೊಂಡಿದೆ. ಸೆಂಡ್ ಕ್ಯೂ ತುಂಬಿದ್ದರೆ ಕಳಿಸಿದ್ದಕ್ಕೆ ಆಚೆಯಿಂದ ಸ್ವೀಕೃತಿ ಬಂದಿಲ್ಲ, ಅಥವಾ ಆಚೆಯವರ ಬಫರ್‌ನಲ್ಲಿ, ಅಂದರೆ ಬೈಟ್‌ಗಳನ್ನು ತಾತ್ಕಾಲಿಕವಾಗಿ ಇಡುವ ಜಾಗದಲ್ಲಿ, ಸ್ಥಳ ಇಲ್ಲ. ಎರಡೂ ಕಡೆ ಎಲ್ಲ ಸೊನ್ನೆ ಆಗಿದ್ದರೆ ಹೆಚ್ಚಾಗಿ ಎರಡೇ ಸಾಧ್ಯತೆ. ಬೈಟ್‌ಗಳು ಕಳಿಸುವವರ ಪರ್ಲ್ ಬಫರ್‌ನಿಂದ ಹೊರಟೇ ಇಲ್ಲ, ಇಲ್ಲವೇ ಓದುವವರ ಪರ್ಲ್ ಬಫರ್‌ಗೆ ಬಂದು ಅಲ್ಲೇ ಕೂತಿವೆ.

ಆಮೇಲೆ ಪ್ರೋಗ್ರಾಮ್ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ (strace) ಅನ್ನು ಆ ಪ್ರೊಸೆಸ್‌ಗೆ ಅಂಟಿಸಿ. ಕೊನೆಯ ಸಾಲು ರೀಡ್ ಎಂದು ಅರ್ಧಕ್ಕೆ ನಿಂತಿದ್ದರೆ ಅದು ಓದಲು ಕಾಯುತ್ತಿದೆ, ರೈಟ್ ಎಂದಿದ್ದರೆ ಬರೆಯಲು. ಎರಡೂ ಪ್ರೊಸೆಸ್‌ಗಳನ್ನು ನೋಡಬೇಕು. ಒಂದನ್ನೇ ನೋಡಿ ತೀರ್ಮಾನಕ್ಕೆ ಬಂದರೆ ಅರ್ಧ ಕಥೆ ಮಾತ್ರ ಸಿಗುತ್ತದೆ.

ತಪ್ಪು ಯಾವ ಕಡೆ ಇದೆ ಎಂದು ಬೇಗ ತಿಳಿಯಲು, ಟೈಪ್ ಮಾಡಿದ್ದನ್ನು ನೇರವಾಗಿ ಕನೆಕ್ಷನ್‌ಗೆ ಕಳಿಸುವ ನೆಟ್‌ಕ್ಯಾಟ್ ಸಾಕು. ಕ್ಲೈಂಟ್ ಬದಲು ನೆಟ್‌ಕ್ಯಾಟ್‌ನಿಂದ ಸರ್ವರ್‌ಗೆ ಕನೆಕ್ಟ್ ಆಗಿ ಕೈಯಿಂದಲೇ ಟೈಪ್ ಮಾಡಿ. ಉತ್ತರ ಬಂದರೆ ಸರ್ವರ್ ಸರಿ ಇದೆ, ಕ್ಲೈಂಟ್ ನೋಡಿ. ಬರದಿದ್ದರೆ ಸರ್ವರ್ ನೋಡಿ.

ಒಂದು ಎಚ್ಚರಿಕೆ. ಲಾಗ್ ಸಾಲು ಕಾಣಲಿಲ್ಲ ಎಂದ ಮಾತ್ರಕ್ಕೆ ಪ್ರೋಗ್ರಾಮ್ ಅಲ್ಲಿಗೆ ಬಂದೇ ಇಲ್ಲ ಅಂದುಕೊಳ್ಳಬೇಡಿ. ಸ್ಟ್ಯಾಂಡರ್ಡ್ ಔಟ್‌ಪುಟ್ ಫೈಲಿಗೋ ಪೈಪಿಗೋ ಹೋಗುತ್ತಿದ್ದರೆ ಪರ್ಲ್ ಅದನ್ನು ಬಫರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಪ್ರಿಂಟ್ ಆಗಿರುತ್ತದೆ, ಫೈಲಿನಲ್ಲಿ ಇರುವುದಿಲ್ಲ. ದೋಷ ಹುಡುಕುವಾಗ ವಾರ್ನ್ ಬಳಸಿ. ಅದು ಸ್ಟ್ಯಾಂಡರ್ಡ್ ಎರರ್‌ಗೆ ಹೋಗುತ್ತದೆ, ತಡ ಇಲ್ಲ.

ಸಾಲು ಮುಗಿದಿಲ್ಲ, ಓದುವವರು ಬಿಡುತ್ತಿಲ್ಲ

ಇದೇ ಎಲ್ಲಕ್ಕಿಂತ ಜಾಸ್ತಿ ಕಾಣುವ ದೋಷ. ಕೋನಾವರಣದೊಳಗೆ ಸಾಕೆಟ್ ಇಟ್ಟು ಓದುವಾಗ, ಅಂದರೆ <$ಸಾಕೆಟ್> ಎಂದಾಗ, $/ ನಲ್ಲಿರುವ ಗುರುತು ಸಿಗುವವರೆಗೆ ಪರ್ಲ್ ಕಾಯುತ್ತದೆ. ಸಾಮಾನ್ಯವಾಗಿ ಆ ಗುರುತು ಹೊಸ ಸಾಲು. ಕ್ಲೈಂಟ್ ಪ್ರಿಂಟ್ ಮಾಡುವಾಗ ಕೊನೆಗೆ ಹೊಸ ಸಾಲು ಹಾಕದಿದ್ದರೆ ಬೈಟ್‌ಗಳು ಆಚೆಗೆ ತಲುಪುತ್ತವೆ, ಆದರೆ ಸರ್ವರ್‌ಗೆ ಸಾಲು ಮುಗಿದಂತೆ ಅನಿಸುವುದಿಲ್ಲ. ಕ್ಲೈಂಟ್ ಸತ್ತಾಗ ಕನೆಕ್ಷನ್ ಮುಚ್ಚುತ್ತದೆ, ಆಗ ಪರ್ಲ್ ಉಳಿದದ್ದನ್ನು ಸಾಲು ಎಂದು ಕೊಡುತ್ತದೆ. ಮೊದಲು ಹೇಳಿದ ಥಟ್ಟನೆ ಮೂಡುವ ಸಾಲು ಇದೇ. ನೆಟ್‌ಕ್ಯಾಟ್‌ನಲ್ಲಿ ಸರಿ ಹೋಗುವುದಕ್ಕೂ ಇದೇ ಕಾರಣ: ನೀವು ಎಂಟರ್ ಒತ್ತಿದಾಗ ಅದು ಹೊಸ ಸಾಲನ್ನೂ ಕಳಿಸುತ್ತದೆ.

ಕೀಬೋರ್ಡ್‌ನಿಂದ ಓದಿ, ಚಾಂಪ್ ಮಾಡಿ (ಕೊನೆಯ ಹೊಸ ಸಾಲನ್ನು ಕತ್ತರಿಸಿ), ಹಾಗೇ ಕಳಿಸುವ ಕ್ಲೈಂಟ್‌ನಲ್ಲಿ ಇದನ್ನು ಮೊದಲು ಹುಡುಕಿ. ಚಾಂಪ್ ತೆಗೆದುಹಾಕಿದ್ದನ್ನು ಕಳಿಸುವಾಗ ಮತ್ತೆ ಸೇರಿಸಬೇಕು.

ಹೊಸ ಸಾಲು ಇದ್ದೂ ನಿಂತಿದೆಯೇ? ಹಾಗಾದರೆ ಈ ಎರಡು ಸಾಲನ್ನು ಹತ್ತಿರದಿಂದ ನೋಡಿ:

ಮೈ $ಸಾಲು = <$ಸಾಕೆಟ್>;
ಮೈ ($ಸಾಲು) = <$ಸಾಕೆಟ್>;

ಆವರಣ ಚಿಹ್ನೆ ಒಂದೇ ವ್ಯತ್ಯಾಸ. ಮೊದಲನೆಯದು ಒಂದು ಸಾಲು ಓದಿ ಮುಂದೆ ಹೋಗುತ್ತದೆ. ಎರಡನೆಯದು ಲಿಸ್ಟ್ ಕಾಂಟೆಕ್ಸ್ಟ್, ಅಂದರೆ ಒಂದು ಬೆಲೆಯ ಬದಲು ಪಟ್ಟಿಯನ್ನೇ ಕೇಳುವ ಜಾಗ. ಪರ್ಲ್ ಕನೆಕ್ಷನ್ ಮುಚ್ಚುವವರೆಗೆ ಬರುವ ಎಲ್ಲ ಸಾಲನ್ನೂ ಓದಿ, ಮೊದಲನೆಯದನ್ನು ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತದೆ. ಎರಡೂ ಕಡೆ ಮಾತಾಡುವ ಪ್ರೋಗ್ರಾಮ್‌ನಲ್ಲಿ ಕನೆಕ್ಷನ್ ಮುಚ್ಚುವುದಿಲ್ಲವಲ್ಲ, ಹಾಗಾಗಿ ಅದು ಅಲ್ಲೇ ನಿಲ್ಲುತ್ತದೆ. ಕಣ್ಣಿಗೆ ಬೀಳದ ರೂಪ ಇನ್ನೊಂದಿದೆ. ಪ್ರಿಂಟ್‌ಗೆ ಕೊಡುವ ಪಟ್ಟಿಯಲ್ಲೇ ನೇರವಾಗಿ <$ಸಾಕೆಟ್> ಬರೆದರೂ ಅದು ಲಿಸ್ಟ್ ಕಾಂಟೆಕ್ಸ್ಟೇ. ಒಂದು ಫಂಕ್ಷನ್‌ಗೆ ಆರ್ಗ್ಯುಮೆಂಟ್ ಆಗಿ ಕೊಟ್ಟರೂ ಅಷ್ಟೇ. ಅಂಥ ಕಡೆ ಮುಂದೆ ಸ್ಕೇಲರ್ ಎಂದು ಬರೆಯಿರಿ, ಅಥವಾ ಮೊದಲೇ ಒಂದು ವೇರಿಯಬಲ್‌ಗೆ ಓದಿಕೊಳ್ಳಿ.

ಇನ್ನೊಂದು ಕಾರಣ ದೂರದಲ್ಲಿ ಇರುತ್ತದೆ. ಪ್ರೋಗ್ರಾಮ್‌ನ ಬೇರೆಲ್ಲೋ ಒಂದು ಫೈಲನ್ನು ಇಡಿಯಾಗಿ ಓದಲು ಯಾರೋ $/ ಅನ್ನು ಅನ್‌ಡೆಫ್ ಮಾಡಿದ್ದಾರೆ (ಖಾಲಿ ಮಾಡಿದ್ದಾರೆ), ಬದಲಾವಣೆ ಅಲ್ಲಿಗೇ ಸೀಮಿತವಾಗುವಂತೆ ಲೋಕಲ್ ಹಾಕಿಲ್ಲ. ಆಮೇಲೆ ಸಾಕೆಟ್ ಓದುವಾಗಲೂ ಸಾಲಿಗೆ ಕೊನೆಯೇ ಇರುವುದಿಲ್ಲ. ಸಾಕೆಟ್ ಕೋಡನ್ನು ಎಷ್ಟು ಸಲ ಓದಿದರೂ ಇದು ಸಿಗದು, ಏಕೆಂದರೆ ತಪ್ಪು ಅಲ್ಲಿಲ್ಲ. ಓದುವ ಸಾಲಿನ ಮುಂಚೆ $/ ನಲ್ಲಿ ಏನಿದೆ ಎಂದು ವಾರ್ನ್ ಮಾಡಿ ನೋಡಿದರೆ ಗೊತ್ತಾಗಿಬಿಡುತ್ತದೆ.

ರೀಡ್ ಫಂಕ್ಷನ್ ಬಳಸಿದವರಿಗೂ ಒಂದು ಮಾತು. 1024 ಬೈಟ್ ಕೇಳಿದರೆ ರೀಡ್ ಅಷ್ಟೂ ಸಿಗುವವರೆಗೆ, ಇಲ್ಲವೇ ಕನೆಕ್ಷನ್ ಮುಗಿಯುವವರೆಗೆ ಕಾಯುತ್ತದೆ. ಸಿಸ್‌ರೀಡ್ ಹಾಗಲ್ಲ. ಏನಾದರೂ ಬಂದ ಕೂಡಲೇ ಬಂದಷ್ಟನ್ನು ಕೊಟ್ಟು ಮರಳುತ್ತದೆ. ಡೇಟಾ ಮುಗಿಯಿತೇ ಎಂದು ಹೇಳುವ ಇಒಎಫ್ ಫಂಕ್ಷನ್ ಕೂಡ ಮುಂದಿನ ಬೈಟ್ ನೋಡಲು ಕಾಯುತ್ತದೆ. ಮಾತುಕತೆ ನಡೆಯುವ ಸಾಕೆಟ್ ಮೇಲೆ ಅದನ್ನು ಬಳಸದಿರುವುದೇ ಒಳ್ಳೆಯದು.

ಉತ್ತರ ಬರುತ್ತದೆ, ಆದರೆ ತಪ್ಪು ಉತ್ತರ

ಕ್ಲೈಂಟ್ "ನಿಲ್ಲಿಸು" ಎಂಬ ಕಮಾಂಡ್ ಕಳಿಸುತ್ತದೆ, ಸರ್ವರ್ ಅಂಥ ಕಮಾಂಡ್ ಇಲ್ಲ ಅನ್ನುತ್ತದೆ. ಪರದೆಯ ಮೇಲೆ ನೋಡಿದರೆ ಬಂದ ಕಮಾಂಡೂ ಸರ್ವರ್‌ಗೆ ಗೊತ್ತಿರುವ ಕಮಾಂಡೂ ಒಂದೇ ಥರ ಕಾಣುತ್ತವೆ. ಇಲ್ಲಿ ಕ್ಯಾರೇಜ್ ರಿಟರ್ನ್ ಅಂಟಿಕೊಂಡಿರುತ್ತದೆ. ನೆಟ್‌ವರ್ಕ್ ಪ್ರೋಟೋಕಾಲ್‌ಗಳಲ್ಲಿ ಸಾಲಿನ ಕೊನೆ ಸಾಮಾನ್ಯವಾಗಿ "\015\012", ಅಂದರೆ ಕ್ಯಾರೇಜ್ ರಿಟರ್ನ್ ಮತ್ತು ಹೊಸ ಸಾಲು. ಚಾಂಪ್ ಹೊಸ ಸಾಲನ್ನು ಮಾತ್ರ ಕತ್ತರಿಸುತ್ತದೆ, \015 ಉಳಿದುಬಿಡುತ್ತದೆ. ನೆಟ್‌ಕ್ಯಾಟ್‌ನಿಂದ ಸರಿ, ಟೆಲ್‌ನೆಟ್‌ನಿಂದ ತಪ್ಪು ಅನ್ನುವ ದೂರು ಬಂದರೆ ಇದೇ ಕಾರಣ ಎಂದು ಹಿಡಿಯಬಹುದು. ಓದಿದ ಸಾಲಿನ ಕೊನೆಯಿಂದ \015 ಇದ್ದರೆ ಅದನ್ನೂ, \012 ಅನ್ನೂ ರೆಜೆಕ್ಸ್‌ನಿಂದ ತೆಗೆಯಿರಿ.

ಆಟೋಫ್ಲಶ್ ಬಗ್ಗೆ

ಏನೇ ತೊಂದರೆ ಬಂದರೂ ಆಟೋಫ್ಲಶ್ (ಬರೆದದ್ದನ್ನು ಬಫರ್‌ನಲ್ಲಿ ಇಟ್ಟುಕೊಳ್ಳದೆ ಕೂಡಲೇ ಕಳಿಸುವುದು) ಹಾಕು ಅನ್ನುವ ಸಲಹೆ ಮೊದಲು ಸಿಗುತ್ತದೆ. ಐಒ::ಸಾಕೆಟ್ ಮಾಡ್ಯೂಲ್‌ನ 1.18ನೇ ಆವೃತ್ತಿಯಿಂದ ಅದರ ಎಲ್ಲ ಆಬ್ಜೆಕ್ಟ್‌ಗಳಿಗೂ ಆಟೋಫ್ಲಶ್ ತಾನಾಗಿ ಆನ್ ಆಗಿರುತ್ತದೆ. ಆ ಮಾಡ್ಯೂಲ್ ಬಳಸುತ್ತಿದ್ದರೆ ನಿಮ್ಮ ದೋಷ ಇಲ್ಲಿಲ್ಲ, ಸುಮ್ನೆ ಸಮಯ ಕಳೆಯಬೇಡಿ. ಪರ್ಲ್‌ನ ಒಳಗಿನ ಸಾಕೆಟ್, ಕನೆಕ್ಟ್, ಆಕ್ಸೆಪ್ಟ್ ಫಂಕ್ಷನ್‌ಗಳನ್ನು ನೇರವಾಗಿ ಕರೆದು ಹ್ಯಾಂಡಲ್ ಮಾಡಿಕೊಂಡಿದ್ದರೆ ಮಾತ್ರ ನೀವೇ ಹಾಕಬೇಕು. ಆಗಲೂ $| = 1 ಎಂದು ಮೇಲೆ ಬರೆದರೆ ಸಾಲದು. ಅದು ಆ ಹೊತ್ತಿಗೆ ಪ್ರಿಂಟ್‌ಗೆಂದು ಆಯ್ಕೆಯಾಗಿರುವ ಹ್ಯಾಂಡಲ್‌ಗೆ, ಅಂದರೆ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಮಾತ್ರ ಅನ್ವಯ. ಸಾಕೆಟ್ ಹ್ಯಾಂಡಲ್ ಮೇಲೇ ಆಟೋಫ್ಲಶ್ ಮೆಥಡ್ ಕರೆಯಿರಿ.

ಸೆಲೆಕ್ಟ್ ಏನೂ ಇಲ್ಲ ಅನ್ನುತ್ತದೆ, ಸಾಲು ಒಳಗೇ ಇದೆ

ಕೀಬೋರ್ಡನ್ನೂ ಸಾಕೆಟ್ಟನ್ನೂ ಒಟ್ಟಿಗೆ ಗಮನಿಸಲು, ಯಾವ ಹ್ಯಾಂಡಲ್ ಓದಲು ಸಿದ್ಧ ಎಂದು ಹೇಳುವ ಐಒ::ಸೆಲೆಕ್ಟ್ ಬಳಸುತ್ತೇವೆ. ಕ್ಯಾನ್_ರೀಡ್ ಹೇಳಿದ ಹ್ಯಾಂಡಲ್‌ನಿಂದ ಒಂದು ಸಾಲು ಓದುತ್ತೇವೆ. ನೋಡಲು ಸರಿಯಾಗಿದೆ. ಆದರೆ ಆಚೆಯವರು ಮೂರು ಸಾಲನ್ನು ಬೇಗ ಬೇಗ ಕಳಿಸಿದಾಗ ಒಂದು ಮಾತ್ರ ಕಾಣುತ್ತದೆ. ಉಳಿದೆರಡು ಆಮೇಲೆ, ಇನ್ನೇನಾದರೂ ಬಂದಾಗ ಒಂದೊಂದಾಗಿ ಹೊರಬರುತ್ತವೆ. ಪ್ರತಿ ಉತ್ತರವೂ ಹಿಂದಿನ ಪ್ರಶ್ನೆಯದ್ದು ಅನ್ನುವ ವಿಚಿತ್ರ ಕೂಡ ಹೀಗೇ ಹುಟ್ಟುತ್ತದೆ.

ಆಗಿದ್ದೇನು ಅಂದರೆ, <$ಸಾಕೆಟ್> ಒಂದು ಸಾಲು ಕೇಳಿದರೂ ಪರ್ಲ್ ಕರ್ನಲ್‌ನಿಂದ ಸಿಕ್ಕಷ್ಟನ್ನೂ ಒಂದೇ ಸಲ ತನ್ನ ಬಫರ್‌ಗೆ ಎಳೆದುಕೊಂಡಿತು. ಎಸ್‌ಟ್ರೇಸ್‌ನಲ್ಲಿ ಆ ರೀಡ್ ಸಾಮಾನ್ಯವಾಗಿ 8192 ಬೈಟ್ ಕೇಳುವುದು ಕಾಣುತ್ತದೆ. ಮೂರೂ ಸಾಲು ಈಗ ಪರ್ಲ್ ಒಳಗಿವೆ. ಸೆಲೆಕ್ಟ್ ನೋಡುವುದು ಕರ್ನಲ್‌ನ ಕಡೆ. ಅಲ್ಲಿ ಏನೂ ಉಳಿದಿಲ್ಲ, ಹಾಗಾಗಿ ಅದು ಇಲ್ಲ ಅನ್ನುತ್ತದೆ. ಎರಡರ ಮಾತೂ ನಿಜ.

ಸೆಲೆಕ್ಟ್ ಬಳಸುವ ಕಡೆ ಸಿಸ್‌ರೀಡ್, ಸಿಸ್‌ರೈಟ್ ಮಾತ್ರ ಬಳಸಿ. ಬಂದದ್ದನ್ನು ಆ ಕ್ಲೈಂಟ್‌ಗೆಂದು ಇಟ್ಟ ಸ್ಟ್ರಿಂಗ್‌ಗೆ ಸೇರಿಸಿ. ಅದರಲ್ಲಿ ಎಷ್ಟು ಪೂರ್ತಿ ಸಾಲು ಇವೆಯೋ ಅಷ್ಟನ್ನೂ ವೈಲ್ ಲೂಪ್‌ನಲ್ಲಿ ತೆಗೆಯಿರಿ, ಅರ್ಧ ಸಾಲು ಉಳಿದರೆ ಮುಂದಿನ ಸಲಕ್ಕೆ ಬಿಡಿ. ಸಿಸ್‌ರೀಡ್ ಮರಳಿಸುವ ಬೆಲೆಯನ್ನು ಮೂರು ಥರ ನೋಡಬೇಕು: ಸೊನ್ನೆ ಅಂದರೆ ಆಚೆಯವರು ಮುಗಿಸಿದ್ದಾರೆ, ಅನ್‌ಡೆಫ್ ಅಂದರೆ ಎರರ್ ಮತ್ತು ಕಾರಣ $! ನಲ್ಲಿದೆ, ಉಳಿದದ್ದು ಬಂದ ಬೈಟ್‌ಗಳ ಲೆಕ್ಕ. ಸೊನ್ನೆಯನ್ನು ಗಮನಿಸದಿದ್ದರೆ ಸೆಲೆಕ್ಟ್ ಆ ಸಾಕೆಟ್ ಸಿದ್ಧ, ಸಿದ್ಧ ಅನ್ನುತ್ತಲೇ ಇರುತ್ತದೆ ಮತ್ತು ಸಿಪಿಯು ನೂರಕ್ಕೆ ಏರುತ್ತದೆ. ವಿಂಡೋಸ್‌ನಲ್ಲಿ ಸೆಲೆಕ್ಟ್ ಸಾಕೆಟ್‌ಗಳ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಅಲ್ಲಿ ಕೀಬೋರ್ಡ್‌ಗೆ ಬೇರೆ ದಾರಿ ನೋಡಬೇಕು.

ಅಕ್ಷರವೇ ಬೇರೆ, ಬೈಟೇ ಬೇರೆ

ಸಾಕೆಟ್‌ನ ಬೈಟ್‌ಗಳನ್ನು ಸಾಗಿಸುವ ಟಿಸಿಪಿ ಪ್ರೋಟೋಕಾಲ್‌ಗೆ ಸಂದೇಶ ಅನ್ನುವುದು ಗೊತ್ತಿಲ್ಲ, ಬೈಟ್‌ಗಳ ಹರಿವು ಮಾತ್ರ ಗೊತ್ತು. ಎರಡು ಪ್ರಿಂಟ್ ಒಂದೇ ಸಿಸ್‌ರೀಡ್‌ನಲ್ಲಿ ಬರಬಹುದು, ಒಂದು ಪ್ರಿಂಟ್ ಎರಡಾಗಿ ಒಡೆಯಬಹುದು. ಅದಕ್ಕೇ ಸಂದೇಶದ ಮುಂದೆ ಅದರ ಉದ್ದವನ್ನು ಪ್ಯಾಕ್ ಫಂಕ್ಷನ್‌ನ ದೊಡ್ಡ ಎನ್ (N) ಬಳಸಿ 4 ಬೈಟ್‌ಗಳಲ್ಲಿ ಕಳಿಸುವ ಕ್ರಮ ಇದೆ. ಒಳ್ಳೆಯ ಕ್ರಮವೇ. ಇಂಗ್ಲಿಷ್ ಅಕ್ಷರಗಳಿದ್ದಾಗ ಸರಿಯಾಗಿ ಓಡಿ, ಕನ್ನಡ ಕಳಿಸಿದ ತಕ್ಷಣ ನಿಲ್ಲುತ್ತದೆ ಅನ್ನುವ ದೋಷ ಹುಟ್ಟುವುದೂ ಇಲ್ಲೇ.

"ನಮಸ್ಕಾರ" ಎಂಬ ಪದ ತೆಗೆದುಕೊಳ್ಳಿ. ಡಿಕೋಡ್ ಆದ ಸ್ಟ್ರಿಂಗ್ ಮೇಲೆ ಲೆಂತ್ ಕೇಳಿದರೆ ಪರ್ಲ್ 7 ಅನ್ನುತ್ತದೆ: ನ, ಮ, ಸ, ಅದನ್ನು ಸ್ ಆಗಿಸುವ ಹಲಂತದ ಗುರುತು, ಕ, ಆ-ಕಾರದ ಗುರುತು, ರ. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು, ಹಾಗಾಗಿ ತಂತಿಯ ಮೇಲೆ ಹೋಗುವುದು 21 ಬೈಟ್. ಉದ್ದ 7 ಎಂದು ಕಳಿಸಿದಿರಿ ಅನ್ನಿ. ಆಚೆಯವರು 7 ಬೈಟ್ ಓದುತ್ತಾರೆ. ನ, ಮ ಪೂರ್ತಿ ಬರುತ್ತವೆ, ಸ ಅಕ್ಷರದ ಮೊದಲ ಬೈಟ್ ಮಾತ್ರ ಬರುತ್ತದೆ. ಮುಂದಿನ 4 ಬೈಟ್‌ಗಳನ್ನು ಅವರು ಮುಂದಿನ ಸಂದೇಶದ ಉದ್ದ ಎಂದು ತಿಳಿಯುತ್ತಾರೆ. ಆ ನಾಲ್ಕನ್ನು ಸಂಖ್ಯೆಯಾಗಿ ಓದಿದರೆ 2998460595. ಸರ್ವರ್ ಈಗ ಸುಮಾರು 300 ಕೋಟಿ ಬೈಟ್‌ಗೆ ಕಾಯುತ್ತಾ ಕೂರುತ್ತದೆ. ಹೊರಗಿನಿಂದ ನೋಡಿದರೆ ಮತ್ತೆ ಅದೇ ಮೌನ.

ರಿಪೇರಿ: ಮೊದಲು ಎನ್‌ಕೋಡ್ ಮಾಡಿ ಬೈಟ್‌ಗಳಾಗಿಸಿ, ಆಮೇಲೆ ಆ ಬೈಟ್‌ಗಳ ಉದ್ದ ಅಳೆಯಿರಿ. ಓದುವ ಕಡೆ ಅಷ್ಟೂ ಬೈಟ್ ಸೇರಿದ ಮೇಲೆ ಡಿಕೋಡ್ ಮಾಡಿ. ಸಾಕೆಟ್ ಮೇಲೆ ಯುಟಿಎಫ್-8 ಲೇಯರ್ ಹಾಕಿ ಸಿಸ್‌ರೀಡ್, ಸಿಸ್‌ರೈಟ್ ಬಳಸುವ ಹಳೆಯ ಕೋಡ್ ಇದ್ದರೆ, ಪರ್ಲ್ 5.30ರಿಂದ ಅದು ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಉದ್ದ ಓದಿದ ಕೂಡಲೇ ಒಂದು ಮಿತಿಯನ್ನೂ ಇಡಿ. ನಿಮ್ಮ ಅತಿ ದೊಡ್ಡ ಸಂದೇಶಕ್ಕಿಂತ ಹೆಚ್ಚಿದ್ದರೆ ಆ ಸಂಖ್ಯೆಯನ್ನು ಲಾಗ್ ಮಾಡಿ ಕನೆಕ್ಷನ್ ಮುಚ್ಚಿ. ಆ ಸಂಖ್ಯೆಯೇ ಎಷ್ಟೋ ಸಲ ಕಾರಣ ಹೇಳುತ್ತದೆ. 1213486160 ಕಂಡರೆ ಅದು ಎಚ್‌ಟಿಟಿಪಿ ಎಂಬ ನಾಲ್ಕು ದೊಡ್ಡ ಇಂಗ್ಲಿಷ್ ಅಕ್ಷರಗಳು. ನೀವು ವೆಬ್ ಸರ್ವರ್ ಒಂದರ ಜೊತೆ ಮಾತಾಡುತ್ತಿದ್ದೀರಿ ಎಂದು ಅರ್ಥ.

ಕೇಳಿದ್ದು ಮುಗಿಯಿತು ಎಂದು ಹೇಳುವುದು ಹೇಗೆ

ಸರ್ವರ್ ಕನೆಕ್ಷನ್ ಮುಗಿಯುವವರೆಗೆ ಓದಿ ಆಮೇಲೆ ಉತ್ತರಿಸುವಂತಿದ್ದರೆ, ಕ್ಲೈಂಟ್ ಮುಚ್ಚಿದರೆ ಉತ್ತರ ಸಿಗದು, ಮುಚ್ಚದಿದ್ದರೆ ಸರ್ವರ್ ಉತ್ತರಿಸದು. ಇದಕ್ಕೆ ಷಟ್‌ಡೌನ್ ಇದೆ. ಎರಡನೆಯ ಆರ್ಗ್ಯುಮೆಂಟ್ 1 ಕೊಟ್ಟರೆ ಬರೆಯುವ ದಿಕ್ಕು ಮಾತ್ರ ಮುಚ್ಚುತ್ತದೆ, ಓದುವ ದಿಕ್ಕು ತೆರೆದಿರುತ್ತದೆ. 0 ಓದುವುದನ್ನು, 2 ಎರಡನ್ನೂ ನಿಲ್ಲಿಸುತ್ತದೆ.

ಫೋರ್ಕ್ ಮಾಡಿದ, ಅಂದರೆ ತನ್ನದೇ ಪ್ರತಿಯೊಂದನ್ನು ಚೈಲ್ಡ್ ಪ್ರೊಸೆಸ್ ಆಗಿ ಹುಟ್ಟಿಸಿದ ಸರ್ವರ್‌ನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಚೈಲ್ಡ್ ಪ್ರೊಸೆಸ್ ಸಾಕೆಟ್ ಮುಚ್ಚಿದರೂ ಕ್ಲೈಂಟ್‌ಗೆ ಕೊನೆ ಕಾಣುವುದಿಲ್ಲ, ಏಕೆಂದರೆ ಪೇರೆಂಟ್ ಕೈಯಲ್ಲಿ ಅದೇ ಸಾಕೆಟ್‌ನ ಇನ್ನೊಂದು ಪ್ರತಿ ತೆರೆದೇ ಇದೆ. ಫೋರ್ಕ್ ಆದ ಕೂಡಲೇ ಪೇರೆಂಟ್ ಕ್ಲೈಂಟ್ ಸಾಕೆಟ್ಟನ್ನೂ, ಚೈಲ್ಡ್ ಲಿಸನಿಂಗ್ ಸಾಕೆಟ್ಟನ್ನೂ ಮುಚ್ಚಬೇಕು.

ಚಿಕ್ಕ ಡೇಟಾ ಸರಿ, ದೊಡ್ಡ ಡೇಟಾ ನಿಲ್ಲುತ್ತದೆ ಅಂದರೆ ಎಸ್‌ಟ್ರೇಸ್‌ನಲ್ಲಿ ಎರಡೂ ಕಡೆ ರೈಟ್ ಕಾಣುತ್ತಿದೆಯೇ ನೋಡಿ. ಇಬ್ಬರೂ ಬರೆಯುತ್ತಿದ್ದಾರೆ, ಯಾರೂ ಓದುತ್ತಿಲ್ಲ, ಕರ್ನಲ್ ಬಫರ್‌ಗಳು ತುಂಬಿವೆ. ಒಬ್ಬರು ಬರೆಯುವುದರ ನಡುವೆ ಓದಲೇಬೇಕು: ಸೆಲೆಕ್ಟ್‌ನಿಂದ, ಇಲ್ಲವೇ ಫೋರ್ಕ್ ಮಾಡಿ ಒಂದು ಪ್ರೊಸೆಸ್ ಓದಲು, ಇನ್ನೊಂದು ಬರೆಯಲು.

ಸರ್ವರ್ ಸದ್ದಿಲ್ಲದೆ ಸಾಯುತ್ತದೆ

ಎರರ್ ಸಂದೇಶವಿಲ್ಲ, ಡೈ ಇಲ್ಲ, ಪ್ರೊಸೆಸ್ ಮಾತ್ರ ಇಲ್ಲ. ಶೆಲ್‌ನಲ್ಲಿ ಎಕ್ಸಿಟ್ ಸ್ಟೇಟಸ್ 141 ಇದ್ದರೆ ಅದು 128 ಮತ್ತು 13ರ ಮೊತ್ತ; 13 ಅಂದರೆ ಸಿಗ್‌ಪೈಪ್ ಸಿಗ್ನಲ್. ಆಚೆಯವರು ಹೊರಟುಹೋದ ಸಾಕೆಟ್‌ಗೆ ಬರೆದಿದ್ದೀರಿ. ಮೊದಲ ಪ್ರಿಂಟ್ ಹೆಚ್ಚಾಗಿ ಸರಿ ಹೋದಂತೆ ಕಾಣುತ್ತದೆ, ಹೊಡೆತ ಬೀಳುವುದು ಆಮೇಲಿನದಕ್ಕೆ. ಪೈಪ್ ಸಿಗ್ನಲ್ಲನ್ನು ಇಗ್ನೋರ್‌ಗೆ ಇಡಿ, ಆಮೇಲೆ ಪ್ರತಿ ಪ್ರಿಂಟ್ ಮತ್ತು ಸಿಸ್‌ರೈಟ್ ಮರಳಿಸುವ ಬೆಲೆ ನೋಡಿ.

ಎಕ್ಸಿಟ್ ಸ್ಟೇಟಸ್ 0 ಇದ್ದು, ಮೊದಲ ಕ್ಲೈಂಟ್ ಹೋದ ಕೂಡಲೇ ಸರ್ವರ್ ಮುಗಿದರೆ ಚೈಲ್ಡ್ ಸಿಗ್ನಲ್ ಹ್ಯಾಂಡ್ಲರ್ ನೋಡಿ. ಚೈಲ್ಡ್ ಸತ್ತಾಗ ಬರುವ ಸಿಗ್ನಲ್ ಆಕ್ಸೆಪ್ಟ್ ಅನ್ನು ನಡುವೆಯೇ ಎಬ್ಬಿಸುತ್ತದೆ. ಸೇಫ್ ಸಿಗ್ನಲ್ ಎಂಬ ವ್ಯವಸ್ಥೆ ಜಾರಿಗೆ ಬಂದ ಮೇಲೆ ಪರ್ಲ್ ಇಂಥ ಕರೆಗಳನ್ನು ತಾನಾಗಿ ಮತ್ತೆ ಶುರು ಮಾಡುವುದಿಲ್ಲ. ಆಕ್ಸೆಪ್ಟ್ ಅನ್‌ಡೆಫ್ ಕೊಡುತ್ತದೆ, ವೈಲ್ ಲೂಪ್ ಮುಗಿಯಿತೆಂದು ಹೊರಬರುತ್ತದೆ. ಲೂಪ್ ಸದಾ ಓಡುವಂತೆ ಬರೆದು, ಆಕ್ಸೆಪ್ಟ್ ಸೋತಾಗ $! ಇಐಎನ್‌ಟಿಆರ್ (ಸಿಗ್ನಲ್‌ನಿಂದ ಕರೆ ನಡುವೆ ನಿಂತಿತು ಎಂಬ ಎರರ್) ಆಗಿದ್ದರೆ ಮುಂದಿನ ಸುತ್ತಿಗೆ ಹೋಗಿ. ಹ್ಯಾಂಡ್ಲರ್ ಒಳಗೆ $! ಮತ್ತು $? ಎರಡನ್ನೂ ಲೋಕಲ್ ಮಾಡಿಕೊಳ್ಳಿ.

ಕನೆಕ್ಷನ್ನೇ ಆಗದಿದ್ದರೆ

ಇದು ಸುಲಭದ ಗುಂಪು, ಏಕೆಂದರೆ ಎರರ್ ಬಾಯಿ ಬಿಡುತ್ತದೆ. ಆಬ್ಜೆಕ್ಟ್ ಮಾಡುವ ಸಾಲಿನ ಕೊನೆಗೆ ಡೈ ಹಾಕಿ $@ ಅನ್ನು ತೋರಿಸಿ. ರೆಫ್ಯೂಸ್ಡ್ ಅಂದರೆ ಆ ವಿಳಾಸದಲ್ಲಿ ಆ ಪೋರ್ಟ್ ಮೇಲೆ ಯಾರೂ ಕೇಳುತ್ತಿಲ್ಲ. ಸರ್ವರ್ 127.0.0.1ಕ್ಕೆ ಮಾತ್ರ ಕಟ್ಟಿಕೊಂಡಿದ್ದರೆ ಬೇರೆ ಯಂತ್ರಕ್ಕೆ ಹೀಗೇ ಕಾಣುತ್ತದೆ. ಬಹಳ ಹೊತ್ತು ಕಾದು ಟೈಮ್‌ಔಟ್ ಆದರೆ ಫೈರ್‌ವಾಲ್ ನೋಡಿ. ಸರ್ವರ್ ಮರುಚಾಲನೆ ಮಾಡುವಾಗ ವಿಳಾಸ ಬಳಕೆಯಲ್ಲಿದೆ ಎಂದರೆ ರೀಯೂಸ್‌ಅಡ್ರ್ ಆಯ್ಕೆಯನ್ನು 1 ಮಾಡಿ. ಲಿನಕ್ಸ್‌ನಲ್ಲಿ ಹಳೆಯ ಕನೆಕ್ಷನ್ ಟೈಮ್-ವೇಟ್ ಸ್ಥಿತಿಯಲ್ಲಿ 60 ಸೆಕೆಂಡ್ ಉಳಿದಿರುತ್ತದೆ. ಐಒ::ಸಾಕೆಟ್::ಐನೆಟ್ ಐಪಿವಿ4 ಮಾತ್ರ ಬಲ್ಲದು. ಎರಡೂ ಬೇಕಾದರೆ ಐಒ::ಸಾಕೆಟ್::ಐಪಿ ಬಳಸಿ, ಪರ್ಲ್ 5.20ರಿಂದ ಅದು ಜೊತೆಗೇ ಬರುತ್ತದೆ.

ಎರಡನೆಯ ಕ್ಲೈಂಟ್ ಕನೆಕ್ಟ್ ಆಗುತ್ತದೆ, ಉತ್ತರ ಮಾತ್ರ ಇಲ್ಲ ಅನ್ನುವುದು ಬೇರೆ. ಕನೆಕ್ಷನ್ ಒಪ್ಪಿಕೊಂಡದ್ದು ಕರ್ನಲ್, ನಿಮ್ಮ ಸರ್ವರ್ ಅಲ್ಲ. ಅದು ಮೊದಲ ಕ್ಲೈಂಟ್ ಜೊತೆ ಲೂಪ್‌ನಲ್ಲಿದೆ. ಎಸ್‌ಎಸ್‌ಗೆ ಎಲ್ ಆಯ್ಕೆ ಸೇರಿಸಿ ಲಿಸನಿಂಗ್ ಸಾಲು ನೋಡಿ. ಅಲ್ಲಿ ರಿಸೀವ್ ಕ್ಯೂ ಎಂದರೆ ಆಕ್ಸೆಪ್ಟ್‌ಗೆ ಕಾದಿರುವ ಕನೆಕ್ಷನ್‌ಗಳ ಲೆಕ್ಕ.

ನಿಧಾನ, ಮತ್ತು ಬರದ ಟೈಮ್‌ಔಟ್

ಪ್ರತಿ ಪ್ರಶ್ನೋತ್ತರಕ್ಕೂ ಸರಿಸುಮಾರು 40 ಮಿಲಿಸೆಕೆಂಡ್ ತಡ ಆಗುತ್ತಿದ್ದರೆ, ಒಂದು ಸಂದೇಶವನ್ನು ಎರಡು ಪ್ರಿಂಟ್‌ಗಳಲ್ಲಿ ಕಳಿಸಿ ಉತ್ತರಕ್ಕೆ ಕಾಯುತ್ತಿದ್ದೀರಾ ನೋಡಿ. ಕಳಿಸುವ ಕಡೆ, ಚಿಕ್ಕ ತುಂಡುಗಳನ್ನು ಕೂಡಿಸಿ ಕಳಿಸಲು ನೋಡುವ ನೇಗಲ್ ಕ್ರಮ ಎರಡನೆಯ ತುಂಡನ್ನು ಸ್ವೀಕೃತಿಗಾಗಿ ತಡೆದಿರುತ್ತದೆ, ಆಚೆಯ ಲಿನಕ್ಸ್ ಆ ಸ್ವೀಕೃತಿಯನ್ನೇ ತಡ ಮಾಡುತ್ತಿರುತ್ತದೆ. ತುಂಡುಗಳನ್ನು ಸೇರಿಸಿ ಒಂದೇ ಪ್ರಿಂಟ್ ಮಾಡಿದರೆ ಸಾಕು. ಆಗದಿದ್ದರೆ ನೇಗಲ್ ಕ್ರಮವನ್ನು ಆಫ್ ಮಾಡುವ ಟಿಸಿಪಿ ನೋ-ಡಿಲೇ (TCP_NODELAY) ಆಯ್ಕೆ ಇದೆ.

ಐಒ::ಸಾಕೆಟ್::ಐನೆಟ್‌ಗೆ ಟೈಮ್‌ಔಟ್ 5 ಎಂದು ಕೊಟ್ಟಿದ್ದೀರಿ, ಆದರೂ ಓದುವಾಗ ನಿಂತೇ ಇದೆ. ಆ ಟೈಮ್‌ಔಟ್ ಕನೆಕ್ಟ್ ಮತ್ತು ಆಕ್ಸೆಪ್ಟ್‌ಗೆ ಮಾತ್ರ, ಓದುವುದಕ್ಕಲ್ಲ. ಆಚೆಯ ಯಂತ್ರದ ಕೇಬಲ್ ಕಿತ್ತರೆ ಕನೆಕ್ಷನ್ ಮುಗಿದ ಸುದ್ದಿಯೂ ಬರುವುದಿಲ್ಲ. ಕೀಪ್‌ಅಲೈವ್ ಆನ್ ಮಾಡಿದರೂ ಲಿನಕ್ಸ್ ಮೊದಲ ಪರೀಕ್ಷೆ ಕಳಿಸುವುದು ಮಾಮೂಲಿಯಾಗಿ 7200 ಸೆಕೆಂಡ್ ಆದ ಮೇಲೆ. ಹಾಗಾಗಿ ಓದುವ ಮೊದಲು ಕ್ಯಾನ್_ರೀಡ್‌ಗೆ ನಿಮ್ಮ ಸೆಕೆಂಡ್‌ಗಳನ್ನು ಕೊಟ್ಟು ಕೇಳಿ. ಅದು ಖಾಲಿ ಕೈಯಲ್ಲಿ ಮರಳಿದರೆ ಆ ಸಾಕೆಟ್ಟನ್ನು ಮುಚ್ಚಿ, ಯಾರಿಗಾಗಿ ಎಷ್ಟು ಕಾದಿರಿ ಎಂದು ಲಾಗ್‌ನಲ್ಲಿ ಬರೆಯಿರಿ.